ಗೊತ್ತಿದ್ದೂ ದೇವರನ್ನು ಬೇಡ ಅನ್ನೋಕೆ ಆಗುತ್ತಾ?

ಪ್ರಶ್ನೆ: ನನ್ನ ತಮ್ಮ ಚರ್ಚಿನಲ್ಲೇ ಬೆಳೆದವನು. ಸಂಡೇ ಸ್ಕೂಲಿನಲ್ಲಿ ವಾಕ್ಯ ಬಾಯಿಪಾಠ ಹೇಳಿ ಬಹುಮಾನ ತಂದವನು. ಈಗ ‘ದೇವರು ಇರಬಹುದು, ಆದರೆ ನನಗೆ ಬೇಡ’ ಅನ್ನುತ್ತಾನೆ. ಎಲ್ಲ ಗೊತ್ತಿದ್ದೂ ಮನಸಾರೆ ದೇವರನ್ನು ತಳ್ಳಿಹಾಕಲು ಸಾಧ್ಯವಾ? ಅಂಥವರ ಗತಿ ಏನು?

ಉತ್ತರ: ಸಾಧ್ಯ. ಕ್ರೈಸ್ತ ಪಂಗಡಗಳಲ್ಲಿ ಹೆಚ್ಚಿನವು ಹಾಗೇ ಹೇಳುತ್ತವೆ. ಆದರೆ ನಿಮ್ಮ ಪ್ರಶ್ನೆಯ ಭಾರವೆಲ್ಲ ‘ಗೊತ್ತಿದ್ದೂ’ ಅನ್ನುವ ಒಂದೇ ಮಾತಿನ ಮೇಲೆ ನಿಂತಿದೆ. ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಿಮ್ಮ ತಮ್ಮನಿಗೆ ವಾಕ್ಯ ಗೊತ್ತು, ಹಾಡು ಗೊತ್ತು, ಆರಾಧನೆಯ ಕ್ರಮ ಗೊತ್ತು. ನಮ್ಮ ಮಾತಿನಲ್ಲೇ ಒಂದು ವ್ಯತ್ಯಾಸ ಇದೆ, ಅಲ್ವಾ? ‘ಅವರ ವಿಷಯ ಗೊತ್ತು’ ಅನ್ನುವುದು ಬೇರೆ. ‘ಅವರು ನನಗೆ ಗೊತ್ತು’ ಅನ್ನುವುದು ಬೇರೆ. ದೇವರು ಒಬ್ಬನೇ ಎಂದು ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಎಂದು ಯಾಕೋಬನ ಪತ್ರಿಕೆ (2:19) ಹೇಳುತ್ತದೆ. ವಿಷಯ ಪೂರ್ತಿ ಗೊತ್ತಿದ್ದರೂ ಪ್ರೀತಿ ಹುಟ್ಟದೇ ಇರಬಹುದು ಅನ್ನುವುದಕ್ಕೆ ಇದಕ್ಕಿಂತ ಖಡಾಖಂಡಿತವಾದ ಮಾತು ಬೈಬಲಿನಲ್ಲಿ ನನಗೆ ಕಂಡಿಲ್ಲ.

ಬೇಡ ಅನ್ನುವ ಸ್ವಾತಂತ್ರ್ಯ ಮನುಷ್ಯನಿಗೆ ಇದೆ ಅನ್ನುವುದಕ್ಕೆ ನಾನು ಮತ್ತೆ ಮತ್ತೆ ಹಿಂದಿರುಗುವ ವಾಕ್ಯ ಮತ್ತಾಯ 23:37. ಯೆರೂಸಲೇಮನ್ನು ನೋಡಿ ಯೇಸು ಮರುಗುತ್ತಾನೆ. ಕೋಳಿ ತನ್ನ ಮರಿಗಳನ್ನು ರೆಕ್ಕೆಯ ಕೆಳಗೆ ಕೂಡಿಸಿಕೊಳ್ಳುವ ಹಾಗೆ ನಿನ್ನ ಮಕ್ಕಳನ್ನು ಕೂಡಿಸಿಕೊಳ್ಳಲು ನನಗೆ ಎಷ್ಟೋ ಸಲ ಮನಸ್ಸಿತ್ತು, ನಿಮಗೆ ಮನಸ್ಸಿರಲಿಲ್ಲ ಅನ್ನುತ್ತಾನೆ. ಗ್ರೀಕ್ ಮೂಲದಲ್ಲೂ ಎರಡು ಕಡೆ ಒಂದೇ ಕ್ರಿಯಾಪದ. ಆ ಕಡೆ ಒಂದು ಮನಸ್ಸು, ಈ ಕಡೆ ಒಂದು ಮನಸ್ಸು.

ನಮ್ಮ ಅಜ್ಜಿ ಮನೆಯಲ್ಲಿ ಕೋಳಿ ಸಾಕಿದ್ದರು. ಮೇಲೆ ಹದ್ದು ಸುತ್ತಿದರೆ ಹೇಂಟೆಯ ದನಿಯೇ ಬದಲಾಗುತ್ತಿತ್ತು. ರೆಕ್ಕೆ ಅಗಲಿಸಿ, ಮೈ ತಗ್ಗಿಸಿ, ಗಂಟಲಲ್ಲೇ ಒಂದು ಥರ ಕರೆಯುತ್ತಿತ್ತು. ಮರಿಗಳು ಓಡಿಬಂದು ಒಳಗೆ ತೂರಿಕೊಳ್ಳುತ್ತಿದ್ದವು. ಒಂದು ಸಲ ಒರಳುಕಲ್ಲಿನ ಹಿಂದೆ ನುಚ್ಚು ಹೆಕ್ಕುತ್ತಿದ್ದ ಒಂದು ಮರಿ ಮಾತ್ರ ಬರಲಿಲ್ಲ. ಕೂಗು ಅದಕ್ಕೂ ಕೇಳಿಸುತ್ತಿತ್ತು. ತಲೆ ಎತ್ತಿ ನೋಡಿತು, ಮತ್ತೆ ನುಚ್ಚಿಗೆ ಬಾಗಿತು. ಹೇಂಟೆ ಅದನ್ನು ಕೊಕ್ಕಿನಲ್ಲಿ ಕಚ್ಚಿ ಎಳೆದು ತರಲಿಲ್ಲ. ರೆಕ್ಕೆ ಬಿಚ್ಚಿಕೊಂಡೇ ಕರೆಯುತ್ತಿತ್ತು. ಈ ವಾಕ್ಯ ಓದಿದಾಗೆಲ್ಲ ನನಗೆ ಆ ಅಂಗಳ ನೆನಪಾಗುತ್ತದೆ.

ಆ ಮರಿಗೆ ತಾಯಿಯ ಮೇಲೆ ಸಿಟ್ಟೇನೂ ಇರಲಿಲ್ಲ. ನುಚ್ಚು ಜಾಸ್ತಿ ಬೇಕಾಗಿತ್ತು, ಅಷ್ಟೇ. ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಇಂಥವನೇ ಒಬ್ಬ ಬರುತ್ತಾನೆ. ಅವನ ಹೆಸರು ಕೂಡ ಬರೆದಿಲ್ಲ. ಓಡಿಬಂದು ಮೊಣಕಾಲೂರಿ, ನಿತ್ಯಜೀವ ಸಿಗಬೇಕಾದರೆ ಏನು ಮಾಡಲಿ ಎಂದು ಯೇಸುವನ್ನು ಕೇಳುತ್ತಾನೆ. ಚಿಕ್ಕಂದಿನಿಂದ ಆಜ್ಞೆಗಳನ್ನೆಲ್ಲ ಪಾಲಿಸಿದವನು. ಯೇಸು ಅವನನ್ನು ನೋಡಿ ಪ್ರೀತಿಸಿದನು ಎಂದು ಮಾರ್ಕ ಬರೆಯುತ್ತಾನೆ. ಆಮೇಲೆ, ಇರುವುದನ್ನು ಮಾರಿ ಬಡವರಿಗೆ ಕೊಡು, ಬಂದು ನನ್ನನ್ನು ಹಿಂಬಾಲಿಸು ಅನ್ನುತ್ತಾನೆ. ಅವನ ಮುಖ ಬಾಡಿತು. ದುಃಖಪಟ್ಟುಕೊಂಡು ಹೊರಟುಹೋದನು, ಯಾಕೆಂದರೆ ಅವನಿಗೆ ಬಹಳ ಆಸ್ತಿ ಇತ್ತು. ಇಲ್ಲಿ ಜಗಳವಿಲ್ಲ, ದೇವದೂಷಣೆಯ ಒಂದು ಮಾತೂ ಇಲ್ಲ. ಯೇಸು ಹಿಂದೆ ಓಡಿ ತೋಳು ಹಿಡಿದು ಎಳೆಯುವುದೂ ಇಲ್ಲ. ಗೊತ್ತಿದ್ದೂ ಬೇಡ ಅನ್ನುವುದು ಹೇಗಿರುತ್ತದೆ ಅಂತ ಕೇಳಿದರೆ ನಾನು ಈ ಮನುಷ್ಯನ ಬೆನ್ನನ್ನು ತೋರಿಸುತ್ತೇನೆ. ದೇವರನ್ನು ದ್ವೇಷಿಸಿ ದೂರ ಹೋಗುವವರು ಕಡಿಮೆ. ಇನ್ನೊಂದನ್ನು ಬಿಡಲಾರದೆ ಹೋಗುವವರೇ ಜಾಸ್ತಿ.

ಕೆಟ್ಟದ್ದು ಅಂತ ಗೊತ್ತಿದ್ದೇ ಕೆಟ್ಟದ್ದನ್ನು ಬಯಸುವುದೂ ಉಂಟಾ? ಈ ಪ್ರಶ್ನೆ ಸಂತ ಅಗಸ್ಟೀನನನ್ನು (354–430) ಬಹಳ ಕಾಡಿತು. ಅವನ ಊರು ಉತ್ತರ ಆಫ್ರಿಕಾದ ತಗಾಸ್ತೆ, ಇವತ್ತಿನ ಅಲ್ಜೀರಿಯಾದಲ್ಲಿದೆ. 16ನೇ ವಯಸ್ಸಿನಲ್ಲಿ ಗೆಳೆಯರ ಜೊತೆ ರಾತ್ರಿ ಹೋಗಿ ಪಕ್ಕದ ಪೇರ್ ಮರವನ್ನು ಅಲ್ಲಾಡಿಸಿ ಹಣ್ಣು ಕದ್ದ. ಹಸಿವಿರಲಿಲ್ಲ. ಅದಕ್ಕಿಂತ ಒಳ್ಳೆಯ ಹಣ್ಣು ಮನೆಯಲ್ಲೇ ಇತ್ತು. ಕದ್ದದ್ದನ್ನು ಹಂದಿಗಳಿಗೆ ಎಸೆದರು. ಮಾಡಬಾರದು ಅನ್ನುವುದೇ ರುಚಿಯಾಗಿತ್ತು ಎಂದು ಮುಂದೆ ಬಿಷಪ್ ಆದ ಮೇಲೆ ಒಪ್ಪಿಕೊಂಡು ಬರೆದ. ಆ ಹಣ್ಣಿನ ವಿಷಯಕ್ಕೆ ಪುಟಗಟ್ಟಲೆ ಮರುಗಿದ್ದಾನೆ. ಸುಮ್ನೆ ಹುಡುಗಾಟ ಅಂತ ಅವನು ಅದನ್ನು ಬಿಡಲಿಲ್ಲ. ಯಾಕೆಂದರೆ ತನ್ನ ಮನಸ್ಸಿನ ತಳದಲ್ಲಿ ಏನಿದೆ ಅನ್ನುವುದು ಅವನಿಗೆ ಅಲ್ಲಿ ಕಂಡಿತ್ತು.

13ನೇ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಇನ್ನೊಂದು ಕಡೆಯಿಂದ ನೋಡುತ್ತಾನೆ. ಮನುಷ್ಯ ಏನನ್ನೇ ಬಯಸಲಿ, ಅದರಲ್ಲಿ ಏನೋ ಒಳ್ಳೆಯದಿದೆ ಅಂತಲೇ ಬಯಸುತ್ತಾನೆ. ದೇವರು ಪೂರ್ತಿ ಒಳ್ಳೆಯವನು. ಅವನನ್ನು ಮುಖಾಮುಖಿ ಕಂಡವರು ಬೇಡ ಅನ್ನಲಾರರು. ಆದರೆ ಈ ಬದುಕಿನಲ್ಲಿ ನಾವು ನೋಡುವುದು, ಪೌಲನ ಮಾತಿನಲ್ಲಿ, ಕನ್ನಡಿಯಲ್ಲಿ ಮಸುಕಾಗಿ. ಆ ಮಸುಕಿನಲ್ಲೇ ನಮ್ಮ ಆಯ್ಕೆ ನಡೆಯುತ್ತದೆ. ಹಾಗಂತ ಹೊಣೆ ತಪ್ಪುವುದಿಲ್ಲ. ಮಸುಕಾಗಿ ಕಂಡದ್ದಕ್ಕೆ ಎಷ್ಟು ಓಗೊಟ್ಟೆವು ಅನ್ನುವ ಲೆಕ್ಕ ಇದ್ದೇ ಇರುತ್ತದೆ.

ಈ ಲೆಕ್ಕವನ್ನು ಕಥೋಲಿಕ ಧರ್ಮಸಭೆ ಬಹಳ ಎಚ್ಚರದಿಂದ ಇಡುತ್ತದೆ. 1992ರ ಅವರ ಧರ್ಮೋಪದೇಶ ಗ್ರಂಥದ ಪ್ರಕಾರ ಒಂದು ಪಾಪ ಮಾರಕ ಪಾಪ (ದೇವರ ಜೊತೆಗಿನ ನಂಟನ್ನೇ ಕಡಿಯುವ ಪಾಪ) ಆಗಬೇಕಾದರೆ ಮೂರೂ ಕೂಡಿಬರಬೇಕು: ವಿಷಯ ಗಂಭೀರವಾಗಿರಬೇಕು, ಪೂರ್ತಿ ತಿಳಿದಿರಬೇಕು, ಮನಸ್ಸು ಬೇಕೆಂದೇ ಒಪ್ಪಿರಬೇಕು. ತಪ್ಪಿಲ್ಲದ ಅಜ್ಞಾನ ಹೊಣೆಯನ್ನು ಇಳಿಸುತ್ತದೆ. ಭಯ, ಒತ್ತಾಯ, ಮನಸ್ಸಿನ ಕಾಯಿಲೆಗಳೂ ಇಳಿಸುತ್ತವೆ. ಅದೇ ಗ್ರಂಥ ನರಕವನ್ನು, ಮನುಷ್ಯ ತಾನಾಗಿ ದೇವರಿಂದ ಶಾಶ್ವತವಾಗಿ ಹೊರಗುಳಿಯುವ ಸ್ಥಿತಿ ಎಂದು ವಿವರಿಸುತ್ತದೆ. ಅಂದರೆ ಆ ಕೊನೆಯ ‘ಬೇಡ’ವನ್ನು ದೇವರು ತಡೆಯುವುದಿಲ್ಲ ಎಂದರ್ಥ. ನನಗೆ ಇದು ಹೆದರಿಕೆ ತರುವ ಮಾತು. ಆದರೆ ಪ್ರೀತಿಯನ್ನು ಬಲವಂತವಾಗಿ ಕೊಡಲೂ ಆಗದು, ಪಡೆಯಲೂ ಆಗದು.

ಪ್ರೊಟೆಸ್ಟಂಟರಲ್ಲಿ ಒಮ್ಮತ ಇಲ್ಲ. ಕೃಪೆಯನ್ನು ಮನುಷ್ಯ ಎದುರಿಸಿ ನಿಲ್ಲಬಲ್ಲ ಎಂದು ಡಚ್ ದೇವಶಾಸ್ತ್ರಜ್ಞ ಅರ್ಮಿನಿಯಸನ ಕಡೆಯವರು 1610ರಲ್ಲಿ ಬರೆದುಕೊಟ್ಟರು. 1618–19ರಲ್ಲಿ ಡಾರ್ಟ್ ಊರಲ್ಲಿ ಸೇರಿದ ಕ್ಯಾಲ್ವಿನ್ ಪಂಥದವರು ಅದನ್ನು ಒಪ್ಪಲಿಲ್ಲ. ದೇವರು ಆರಿಸಿಕೊಂಡವರಲ್ಲಿ ಕೃಪೆ ಗೆದ್ದೇ ಗೆಲ್ಲುತ್ತದೆ ಅಂದರು. ಆದರೆ ಅವರೂ, ದೇವರು ಮನುಷ್ಯನನ್ನು ಮರದ ಕೊರಡಿನ ಹಾಗೆ ಎಳೆದಾಡುವುದಿಲ್ಲ, ಅವನ ಮನಸ್ಸನ್ನೇ ಹೊಸದು ಮಾಡುತ್ತಾನೆ ಎಂದು ಸೇರಿಸಿದರು. ಈ ವಾದ ಇನ್ನೂ ಮುಗಿದಿಲ್ಲ.

ಈಗ ನಿಮ್ಮ ತಮ್ಮನ ಮಾತಿಗೆ ಬರೋಣ. ‘ಬೇಡ’ ಅಂದದ್ದು ಯಾವ ದೇವರನ್ನು? ದಯವಿಟ್ಟು ಒಮ್ಮೆ ಕೂತು ಕೇಳಿ. ಬಹುಮಾನಕ್ಕಾಗಿ ಬಾಯಿಪಾಠ ಮಾಡಿಸಿದ ದೇವರನ್ನಾ? ಮನೆಯಲ್ಲಿ ಹೊಡೆತದ ಜೊತೆ ಬಂದ ದೇವರನ್ನಾ? ಒಂದು ಸಾವಿನ ಮನೆಯಲ್ಲಿ ಯಾರೋ ‘ದೇವರ ಚಿತ್ತ’ ಅಂತ ಹೇಳಿ ಹೋದ ದೇವರನ್ನಾ? ಕಥೋಲಿಕ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಒಂದು ಮಾತು ಒಪ್ಪಿಕೊಂಡಿತು: ಜನ ನಾಸ್ತಿಕರಾಗುವುದರಲ್ಲಿ ವಿಶ್ವಾಸಿಗಳದ್ದೂ ಸಣ್ಣದಲ್ಲದ ಪಾಲಿದೆ, ಅವರ ಬಾಳು ಮತ್ತು ಬೋಧನೆ ದೇವರ ನಿಜವಾದ ಮುಖವನ್ನು ಮರೆಮಾಡಬಹುದು ಎಂದು. ಮರೆಯಾದ ಮುಖವನ್ನು ಬೇಡ ಅಂದರೆ ಅದನ್ನು ‘ಗೊತ್ತಿದ್ದೂ’ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ. ಶಿಲುಬೆಗೆ ಹಾಕಿದವರ ಬಗ್ಗೆಯೇ ಯೇಸು, ತಾವು ಏನು ಮಾಡುತ್ತಿದ್ದೇವೆಂದು ಇವರಿಗೆ ಗೊತ್ತಿಲ್ಲ, ಕ್ಷಮಿಸು ತಂದೆಯೇ ಎಂದು ಬೇಡಿಕೊಂಡನಲ್ಲ!

ಪವಿತ್ರಾತ್ಮನ ವಿರುದ್ಧದ ದೂಷಣೆಗೆ ಕ್ಷಮೆ ಇಲ್ಲ ಅನ್ನುವ ವಾಕ್ಯ (ಮಾರ್ಕ 3:29) ನಿಮ್ಮನ್ನು ಕಾಡುತ್ತಿರಬಹುದು. ಅದು ಬಂದ ಸಂದರ್ಭ ನೋಡಿ. ಯೇಸು ದೆವ್ವ ಬಿಡಿಸಿದ್ದು ಶಾಸ್ತ್ರಿಗಳಿಗೆ ಗೊತ್ತಿತ್ತು. ಗೊತ್ತಿದ್ದೂ, ಇದು ದೆವ್ವಗಳ ಒಡೆಯನ ಕೆಲಸ ಅಂದರು. ಬೆಳಕನ್ನೇ ಕತ್ತಲೆ ಅನ್ನುವ ಹಟ ಅದು. ನಾನು ಅದನ್ನು ಮಾಡಿಬಿಟ್ಟೆನೇನೋ ಎಂದು ಹೆದರುವವನ ಮನಸ್ಸು ಇನ್ನೂ ಮೆತ್ತಗಿದೆ ಎಂದು ಸಭಾಪಾಲಕರು ಸಮಾಧಾನ ಹೇಳುವುದುಂಟು. ಅದು ಸರಿಯಾದ ಮಾತು.

ಗತಿ ಏನು ಎಂದು ಕೇಳಿದಿರಿ. ಪೇತ್ರನನ್ನು ನೋಡಿ. ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ‘ನೀನೇ ಕ್ರಿಸ್ತ’ ಎಂದು ಬಾಯಿಬಿಟ್ಟು ಹೇಳಿದವನು. ಅವನೇ ಮಹಾಯಾಜಕನ ಅಂಗಳದಲ್ಲಿ ಚಳಿಗೆ ಇದ್ದಲಿನ ಬೆಂಕಿ ಕಾಯಿಸಿಕೊಳ್ಳುತ್ತಾ, ಆ ಮನುಷ್ಯ ನನಗೆ ಗೊತ್ತೇ ಇಲ್ಲ ಎಂದು ಮೂರು ಸಲ ಹೇಳಿಬಿಟ್ಟ. ಇದ್ದಲಿನ ಬೆಂಕಿಗೆ ಯೋಹಾನ ತನ್ನ ಸುವಾರ್ತೆಯಲ್ಲಿ ಬಳಸಿದ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇರುವುದು ಎರಡೇ ಕಡೆ. ಒಂದು ಆ ಅಂಗಳದಲ್ಲಿ. ಇನ್ನೊಂದು ಅದೇ ಸುವಾರ್ತೆಯ 21ನೇ ಅಧ್ಯಾಯದಲ್ಲಿ, ಮುಂಜಾನೆ ತಿಬೇರಿಯ ಸಮುದ್ರದ ದಡದಲ್ಲಿ. ಅಲ್ಲಿ ಕೆಂಡದ ಮೇಲೆ ಮೀನು ಇತ್ತು, ರೊಟ್ಟಿ ಇತ್ತು. ಬೆಂಕಿ ಹಾಕಿ ಕಾಯುತ್ತಿದ್ದವನು ಯೇಸು. ಯಾಕೆ ಹಾಗೆ ಹೇಳಿದೆ ಎಂದು ಅವನು ಕೇಳಲಿಲ್ಲ. ಬನ್ನಿ, ಊಟ ಮಾಡಿ ಅಂದ. ಊಟ ಆದ ಮೇಲೆ, ‘ನನ್ನನ್ನು ಪ್ರೀತಿಸುತ್ತೀಯಾ?’ ಎಂದು ಮೂರು ಸಲ ಕೇಳಿದ. ಮೂರು ಸಲವೂ ಉತ್ತರವನ್ನು ಪೇತ್ರನಿಗೇ ಬಿಟ್ಟ.