ಬೆಳಕು ಮೇಲೆ, ಗೊಬ್ಬರ ಕೆಳಗೆ: ಅರಬ್ಬಿ ಸಮುದ್ರದ ಪ್ಲಾಂಕ್ಟನ್ ಲೆಕ್ಕ ಯಾಕಿಷ್ಟು ಗೋಜಲು?

ಅರಬ್ಬಿ ಸಮುದ್ರದಲ್ಲಿ ಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು, ಜಾಸ್ತಿಯಾಗುತ್ತಿದೆ ಎಂದು 2005ರಲ್ಲಿ ಸುದ್ದಿಯಾಯಿತು. ಕಡಿಮೆಯಾಗುತ್ತಿದೆ ಎಂದು 2016ರಲ್ಲಿ. ಇದರ ನಡುವೆಯೇ ಪ್ಲಾಂಕ್ಟನ್ ತಿಂದು ಬದುಕುವ ಬೂತಾಯಿ ಮೀನು ಏರಿ ಬಿತ್ತು. ಕೇರಳದ ಕರಾವಳಿಯಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ, 2021ರಲ್ಲಿ ಸಿಕ್ಕಿದ್ದು ಬರೀ 3,300 ಟನ್ ಆಸುಪಾಸು. ಹಾಗಾದರೆ ಕಡಲಿಗೆ ಏನಾಗಿದೆ?

ಮೂಲ ವಿಷಯ ಸರಳ. ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯ ಪ್ಲಾಂಕ್ಟನ್ ಬೆಳೆಯಲು ಬಿಸಿಲು ಬೇಕು, ನೈಟ್ರೇಟ್, ಫಾಸ್ಫೇಟ್‌ನಂಥ ಗೊಬ್ಬರವೂ ಬೇಕು. ಬಿಸಿಲು ಇರುವುದು ಮೇಲಿನ ನೀರಲ್ಲಿ. ತಿಳಿಯಾದ ಕಡಲಲ್ಲೂ ನೂರಿನ್ನೂರು ಮೀಟರ್ ಕೆಳಗೆ ಅದು ಮುಗಿದೇ ಹೋಗುತ್ತದೆ. ಮೇಲಿದ್ದ ಗೊಬ್ಬರವನ್ನು ಪ್ಲಾಂಕ್ಟನ್ ಬೇಗ ತಿಂದು ಮುಗಿಸುತ್ತದೆ. ಸತ್ತದ್ದೆಲ್ಲ ಕೆಳಕ್ಕೆ ಇಳಿದು ಕೊಳೆಯುವುದರಿಂದ ಗೊಬ್ಬರ ತಳದ ಕತ್ತಲಲ್ಲೇ ಸೇರಿಕೊಳ್ಳುತ್ತದೆ. ಅದನ್ನು ಯಾರಾದರೂ ಮೇಲೆತ್ತಬೇಕು. ನಮ್ಮ ಕಡಲಲ್ಲಿ ಆ ಕೆಲಸ ಗಾಳಿಯದ್ದು.

ಇದು ಹೊಸ ಜ್ಞಾನವಲ್ಲ. ಬೂತಾಯಿಗೂ ಮಳೆಗಾಲದ ಪ್ಲಾಂಕ್ಟನ್‌ಗೂ ಇರುವ ನಂಟಿನ ಹುಡುಕಾಟ ಮದ್ರಾಸ್ ಸರ್ಕಾರದ ಕಾಲದ್ದು. 1960ರ ದಶಕದ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಯಾನ ಮತ್ತು 1966ರಲ್ಲಿ ಹುಟ್ಟಿದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಹೊತ್ತಿಗೆ ಮುಂಗಾರಿನ ಕಥೆ ಹೆಚ್ಚುಕಡಿಮೆ ತಿಳಿದಿತ್ತು. ನೈರುತ್ಯ ಗಾಳಿ ಸೊಮಾಲಿಯಾ, ಒಮಾನ್ ಕರಾವಳಿಯ ಮೇಲ್ನೀರನ್ನು ದೂರ ತಳ್ಳುತ್ತದೆ, ಅಲ್ಲಿಗೆ ಕೆಳಗಿನ ತಣ್ಣೀರು ಏಳುತ್ತದೆ. ಕೇರಳ, ಕರ್ನಾಟಕದ ತೀರದಲ್ಲೂ ಹಾಗೇ ಆಗುತ್ತದೆ, ಆದರೆ ಅಷ್ಟು ಜೋರಾಗಿ ಅಲ್ಲ. ಇಲ್ಲಿ ನದಿಗಳ ಸಿಹಿನೀರು ಹಗುರವಾಗಿ ಮೇಲೆ ಹರಡಿಕೊಂಡು, ಎದ್ದು ಬಂದ ನೀರನ್ನು ಮುಚ್ಚಿಬಿಡುತ್ತದೆ. ಮಳೆಗಾಲದ ಆರಂಭದಲ್ಲಿ ಒಂದು ತೂಫಾನ್ ಆಗಿ ಕಡಲು ಕಲಕಲಿ ಎಂದು ನಾಡದೋಣಿಯವರು ಕಾಯುತ್ತಾರಲ್ವಾ, ಆ ಕಾಯುವಿಕೆಗೆ ಅರ್ಥವಿದೆ.

ನಿಜವಾಗಿ ಬೆರಗು ಹುಟ್ಟಿಸಿದ್ದು 1990ರ ದಶಕ. ಗುಜರಾತಿನಿಂದ ಆಚೆ, ತೀರದಿಂದ ಬಲು ದೂರದಲ್ಲಿ, ಚಳಿಗಾಲದಲ್ಲೂ ನೀರು ಹಸಿರಾಗುತ್ತಿತ್ತು. ಮುಂಗಾರು ಮುಗಿದು ತಿಂಗಳುಗಳಾಗಿವೆ, ತೀರದ ತಣ್ಣೀರು ಅಲ್ಲಿಗೆ ತಲುಪುವುದಿಲ್ಲ. ಮತ್ತೆ ಗೊಬ್ಬರ ಎಲ್ಲಿಂದ? ಗೋವಾದ ವಿಜ್ಞಾನಿಗಳು 'ಸಾಗರ ಕನ್ಯಾ' ಹಡಗಿನಲ್ಲಿ ಹೋಗಿ ಅಳೆದರು. ಅಳತೆ ನಿಧಾನದ ಕೆಲಸ. ಬೇರೆ ಬೇರೆ ಆಳದ ನೀರನ್ನು ಬಾಟಲಿಗೆ ತುಂಬಬೇಕು, ಚೂರು ವಿಕಿರಣಶೀಲ ಇಂಗಾಲ ಸೇರಿಸಬೇಕು, ಅದೇ ಆಳದ ಬೆಳಕಿನಲ್ಲಿ ತಾಸುಗಟ್ಟಲೆ ಇಡಬೇಕು. ಆಮೇಲೆ ಸೋಸಿ, ಜೀವಕೋಶಗಳು ಎಷ್ಟು ಇಂಗಾಲ ಹೀರಿಕೊಂಡಿವೆ ಎಂದು ಎಣಿಸಬೇಕು.

ಉತ್ತರ ಸಿಕ್ಕಿತು. ಉತ್ತರದಿಂದ ಬೀಸುವ ಒಣ ಚಳಿಗಾಳಿಗೆ ಮೇಲಿನ ನೀರು ಆವಿಯಾಗಿ ತಣ್ಣಗಾಗುತ್ತದೆ, ಉಪ್ಪು ಹೆಚ್ಚಿ ಭಾರವಾಗುತ್ತದೆ, ಮುಳುಗುತ್ತದೆ. ಸುಮಾರು 100 ಮೀಟರ್‌ವರೆಗೂ ನೀರು ಮೇಲೆ ಕೆಳಗೆ ಬೆರೆತು ನೈಟ್ರೇಟ್ ಮೇಲೇರುತ್ತದೆ. 1996ರಲ್ಲಿ ಮಧುಪ್ರತಾಪ್ ಮತ್ತು ಸಂಗಡಿಗರು ಇದನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಉತ್ತರ ಅಟ್ಲಾಂಟಿಕ್‌ನಲ್ಲಿ ಚಳಿಗಾಲದ ಇಂಥದ್ದೇ ಕಲಕಾಟ ಪ್ಲಾಂಕ್ಟನ್ ಅನ್ನು ಕತ್ತಲಿಗೆ ಎಳೆದೊಯ್ದು ಬೆಳೆ ನಿಲ್ಲಿಸುತ್ತದೆ. ನಮ್ಮಲ್ಲಿ ಜನವರಿಯಲ್ಲೂ ಆಕಾಶ ತಿಳಿ, ಬಿಸಿಲು ಸಾಕಷ್ಟು. ಹಾಗಾಗಿ ಅದೇ ಕಲಕಾಟ ಇಲ್ಲಿ ಬೆಳೆ ತರುತ್ತದೆ. ನನ್ನ ಮಟ್ಟಿಗೆ ಅರಬ್ಬಿ ಸಮುದ್ರದ ಬಗ್ಗೆ ತಿಳಿದುಕೊಳ್ಳಬೇಕಾದ ಅತ್ಯಂತ ಚೆಂದದ ವಿಷಯ ಇದು.

ಗೋಜಲು ಶುರುವಾದದ್ದು ಉಪಗ್ರಹಗಳಿಂದ. 1997ರಿಂದ ಸೀವಿಫ್ಸ್ ಎಂಬ ಉಪಕರಣ ಕಡಲಿನ ಬಣ್ಣ ನೋಡಿ ಪ್ಲಾಂಕ್ಟನ್ ಅಂದಾಜು ಮಾಡತೊಡಗಿತು. 2005ರ ಅಧ್ಯಯನ ಅದರ ಏಳು ವರ್ಷಗಳ ಚಿತ್ರ ನೋಡಿತು. ಯುರೋಪ್ ಮತ್ತು ಏಷ್ಯಾದ ಹಿಮ ಕರಗಿ ಮುಂಗಾರು ಗಾಳಿ ಬಲವಾಗುತ್ತಿದೆ, ಸೊಮಾಲಿಯಾ ಕಡೆ ಬೇಸಿಗೆಯ ಪ್ಲಾಂಕ್ಟನ್ ಶೇ. 350ಕ್ಕೂ ಹೆಚ್ಚಿದೆ ಎಂದಿತು. ಆದರೆ 1997 ಎಲ್ ನಿನೊ ವರ್ಷ, ಅಂದರೆ ಶಾಂತ ಸಾಗರ ಅತಿಯಾಗಿ ಬಿಸಿಯಾಗಿ ಎಲ್ಲೆಡೆ ಹವಾಮಾನ ಏರುಪೇರಾದ ವರ್ಷ. ಅಂಥ ವಿಚಿತ್ರ ವರ್ಷದಿಂದ ಲೆಕ್ಕ ಶುರು ಮಾಡಿದರೆ ಏರಿಕೆ ಕಡಿದಾಗಿ ಕಾಣಬಹುದು. 2016ರಲ್ಲಿ ಪುಣೆಯ ಹವಾಮಾನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ತಂಡ ಆರು ದಶಕಗಳನ್ನು ಉಪಗ್ರಹ ಮತ್ತು ಕಂಪ್ಯೂಟರ್ ಮಾದರಿ ಸೇರಿಸಿ ನೋಡಿತು. ಮೇಲ್ನೀರು ಬಿಸಿಯಾಗಿ ಹಗುರಾಗಿದೆ, ಕೆಳಗಿನದರ ಜೊತೆ ಬೆರೆಯುತ್ತಿಲ್ಲ, ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಶೇ. 20ರವರೆಗೆ ಇಳಿಕೆಯಾಗಿದೆ ಎಂದಿತು. ಎರಡೂ ತರ್ಕ ಸರಿಯೇ. ಗಾಳಿ ಎತ್ತುತ್ತದೆ, ಬಿಸಿ ತಡೆಯುತ್ತದೆ. ಯಾವುದು ಗೆಲ್ಲುತ್ತದೆ ಎಂಬುದು ಜಾಗ, ವರ್ಷ ನೋಡಿ ಬದಲಾಗುತ್ತದೆ. ನನಗೆ ದೀರ್ಘ ಲೆಕ್ಕವೇ ಹೆಚ್ಚು ನಂಬಿಕೆಗೆ ಯೋಗ್ಯ ಅನ್ನಿಸುತ್ತದೆ.

ಇನ್ನೊಂದು ತೊಡಕು ಮೋಡ. ಪ್ಲಾಂಕ್ಟನ್ ಅತಿ ಹೆಚ್ಚು ಬೆಳೆಯುವ ಜೂನ್‌ನಿಂದ ಸೆಪ್ಟೆಂಬರ್‌ನಲ್ಲೇ ಉಪಗ್ರಹಕ್ಕೆ ಕಡಲು ಬಹುಪಾಲು ಕಾಣುವುದಿಲ್ಲ. ಕಂಡರೂ ಮೇಲಿನ ಪದರ ಮಾತ್ರ. ಅದಕ್ಕೆ ಈಗ ತಾನಾಗಿ ಮುಳುಗಿ ಏಳುವ ಆರ್ಗೋ ತೇಲುಯಂತ್ರಗಳನ್ನು ಬಿಡುತ್ತಿದ್ದಾರೆ. ಕೆಲವು ಕ್ಲೋರೊಫಿಲ್ (ಪ್ಲಾಂಕ್ಟನ್‌ನ ಹಸಿರು ಬಣ್ಣ), ಆಮ್ಲಜನಕ ಎರಡನ್ನೂ ಅಳೆಯುತ್ತವೆ, ಮೋಡದ ಹಂಗಿಲ್ಲ. ಆದರೆ ಅವು ಆಳದ ಕಡಲಿಗೆ ಮಾಡಿದವು. ಬೂತಾಯಿ ಮೇಯುವ ತೀರದ ತೆಳು ನೀರಿಗೆ ಬರುವುದಿಲ್ಲ. ಅಲ್ಲಿ ಮಳೆಗಾಲದಲ್ಲಿ ವರ್ಷ ಬಿಡದೆ ನೀರು ತೆಗೆದು ನೋಡುವ ಜಾಗಗಳು ನಮ್ಮಲ್ಲಿ ಇನ್ನೂ ತೀರಾ ಕಡಿಮೆ.