ಎ ಲೆವೆಲ್: ನಾಲ್ಕನೆಯ ವಿಷಯದ ಲೆಕ್ಕ

ಇಂಗ್ಲೆಂಡಿನ ಸಿಕ್ಸ್ತ್ ಫಾರ್ಮ್ ಒಂದರಲ್ಲಿ, ಅಂದರೆ ಮಕ್ಕಳು ವಿಶ್ವವಿದ್ಯಾಲಯಕ್ಕೆ ಮುನ್ನ ಎರಡು ವರ್ಷ ಎ ಲೆವೆಲ್ ಓದುವ ಕಡೆ, ವಿಷಯಗಳ ಆಯ್ಕೆಗೂ ವಿಶ್ವವಿದ್ಯಾಲಯದ ಅರ್ಜಿಗಳಿಗೂ ಸಲಹೆ ಕೊಡುವುದು ನನ್ನ ಕೆಲಸ. ಆಗಸ್ಟಿನಲ್ಲಿ, ಹದಿನಾರರ ವಯಸ್ಸಿಗೆ ಬರೆಯುವ, ಒಂಬತ್ತೇ ಗರಿಷ್ಠ ಗ್ರೇಡಾಗಿರುವ ಜಿಸಿಎಸ್‌ಇ ಫಲಿತಾಂಶ ಬಂದ ಸಂಜೆಯಿಂದಲೇ ಪರಿಚಯದ ಕನ್ನಡ ಕುಟುಂಬಗಳಿಂದ ಕರೆಗಳು ಶುರುವಾಗುತ್ತವೆ, ಮತ್ತು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮೇಡಂ, ಎಲ್ಲದರಲ್ಲೂ ಎಂಟು, ಒಂಬತ್ತು ಬಂದಿದೆ. ನಾಲ್ಕು ಎ ಲೆವೆಲ್ ಕೊಡಿಸಿದರೆ ಒಳ್ಳೆಯದಲ್ಲವೇ? ಒಂದು ಕೈಕೊಟ್ಟರೂ ಮೂರು ಉಳಿಯುತ್ತದೆ." ಈ ಕೊನೆಯ ಮಾತನ್ನು ನಾನು ಎಷ್ಟು ಬಾರಿ ಕೇಳಿದ್ದೇನೆಂದರೆ, ಅದೊಂದನ್ನೇ ಬಿಡಿಸಿ ಹೇಳಲು ಇದನ್ನು ಬರೆಯುತ್ತಿದ್ದೇನೆ.

ಈ ಆಲೋಚನೆ ಎಲ್ಲಿಂದ ಬಂತೆಂಬುದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ನಾನೂ ಪಿಯುಸಿಯಲ್ಲಿ ಪಿಸಿಎಂಬಿ ಓದಿದವಳು. ನಮ್ಮ ಕಾಲದಲ್ಲಿ ಗಣಿತ ಮತ್ತು ಜೀವಶಾಸ್ತ್ರ ಎರಡನ್ನೂ ಇಟ್ಟುಕೊಂಡವರಿಗೆ ಸಿಇಟಿಯಲ್ಲಿ ಎಂಜಿನಿಯರಿಂಗ್ ಮತ್ತು ಮೆಡಿಕಲ್ ಎರಡರ ರ‍್ಯಾಂಕೂ ಸಿಗುತ್ತಿತ್ತು. ನಾಲ್ಕನೆಯ ವಿಷಯ ನಿಜವಾಗಿಯೂ ಇನ್ನೊಂದು ಬಾಗಿಲನ್ನು ತೆರೆಯುತ್ತಿತ್ತು. ಹಾಗೆ ಓದಿ ಮೇಲೆ ಬಂದ ತಂದೆ ತಾಯಂದಿರು ಮಗನಿಗೆ ಮೂರೇ ವಿಷಯ ಎಂದಾಗ ಏನೋ ಕಡಿಮೆಯಾಯಿತೆಂದು ಹೆದರುವುದು ಸಹಜ. ಆದರೆ ಎ ಲೆವೆಲ್ ಪಿಯುಸಿಯಲ್ಲ. ಇಲ್ಲಿ ಒಂದೊಂದು ವಿಷಯಕ್ಕೂ ಎರಡು ವರ್ಷಗಳಲ್ಲಿ ಸುಮಾರು 360 ಗಂಟೆಗಳ ಬೋಧನೆಯ ಲೆಕ್ಕವಿದೆ, ಮನೆಯಲ್ಲಿ ಓದುವ ಹೊತ್ತು ಅದಕ್ಕೆ ಹೊರತು. ಹೆಚ್ಚಿನ ವಿದ್ಯಾರ್ಥಿಗಳು ಮೂರನ್ನೇ ಓದುತ್ತಾರೆ, ವಿಶ್ವವಿದ್ಯಾಲಯಗಳೂ ತಮ್ಮ ಆಫರನ್ನು (ಇಂಥ ಗ್ರೇಡು ಬಂದರೆ ಸೀಟು ಎಂಬ ಮಾತನ್ನು) ಸಾಮಾನ್ಯವಾಗಿ ಮೂರು ಗ್ರೇಡುಗಳಲ್ಲೇ ಹೇಳುತ್ತವೆ.

ಇಲ್ಲಿ ಅಂಕಿಗಳನ್ನು ಒಮ್ಮೆ ನೋಡಬೇಕು. ವಿಶ್ವವಿದ್ಯಾಲಯದ ಅರ್ಜಿಗಳನ್ನು ನಿರ್ವಹಿಸುವ ಯುಕಾಸ್ ಸಂಸ್ಥೆಯ ಪಟ್ಟಿಯಲ್ಲಿ ಎ ಸ್ಟಾರ್‌ಗೆ 56, ಎ ಗ್ರೇಡಿಗೆ 48, ಬಿ ಗ್ರೇಡಿಗೆ 40 ಅಂಕಗಳಿವೆ. ನಾಲ್ಕು ಬಿ ಪಡೆದವರಿಗೆ 160 ಆಗುತ್ತದೆ, ಮೂರು ಎ ಪಡೆದವರಿಗೆ 144. ಇದನ್ನು ನೋಡಿದ ಪೋಷಕರು ನಾಲ್ಕು ಬಿ ಮೇಲೆಂದು ಲೆಕ್ಕ ಹಾಕುತ್ತಾರೆ. ಆದರೆ ಮೂರು ಎ ಕೇಳುವ ವೈದ್ಯಕೀಯ ವಿಭಾಗದ ಮುಂದೆ ಆ 160ಕ್ಕೆ ಯಾವ ಬೆಲೆಯೂ ಇಲ್ಲ, ಏಕೆಂದರೆ ಅವರು ಅಂಕಗಳನ್ನು ಕೂಡಿಸುವುದಿಲ್ಲ, ಗ್ರೇಡನ್ನು ನೋಡುತ್ತಾರೆ. ಅಂಕಗಳ ಮೊತ್ತದ ಮೇಲೆ ಆಫರ್ ಕೊಡುವ ಕೋರ್ಸುಗಳೂ ಇವೆ ಎಂಬುದು ನಿಜ. ಆದರೆ ನನ್ನ ಬಳಿ ಬರುವ ಕುಟುಂಬಗಳು ಆಸೆಪಡುವ ಕೋರ್ಸುಗಳು ಬಹುಮಟ್ಟಿಗೆ ಆ ಬಗೆಯವಲ್ಲ. ನಾಲ್ಕನೆಯ ವಿಷಯ ಉಳಿದ ಮೂರರ ಕೊರತೆಯನ್ನು ತುಂಬಿಕೊಡುವುದಿಲ್ಲ.

"ಒಂದು ಕೈಕೊಟ್ಟರೂ" ಎಂಬ ಮಾತಿನಲ್ಲಿ ಇನ್ನೊಂದು ತಪ್ಪೆಣಿಕೆಯಿದೆ. ಕೈಕೊಡುವುದು ಒಂದೇ ವಿಷಯ, ಅದೂ ಕೊನೆಯ ಪರೀಕ್ಷೆಯಲ್ಲಿ, ಎಂದು ಪೋಷಕರು ಭಾವಿಸಿರುತ್ತಾರೆ. ಆದರೆ ವಿಶ್ವವಿದ್ಯಾಲಯದ ಅರ್ಜಿ ಹೋಗುವುದು ಎರಡನೆಯ ವರ್ಷದ ಆರಂಭದಲ್ಲಿ. ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ವೈದ್ಯಕೀಯಕ್ಕೆ ಅಕ್ಟೋಬರ್ 15 ಕೊನೆಯ ದಿನ. ಆಗ ಎ ಲೆವೆಲ್ ಮಟ್ಟಿಗೆ ಅರ್ಜಿಯಲ್ಲಿರುವುದು ಅಧ್ಯಾಪಕರು ಅಂದಾಜಿಸಿದ ಗ್ರೇಡುಗಳು ಮಾತ್ರ, ಅವು ನಿಂತಿರುವುದು ಬಹುಮಟ್ಟಿಗೆ ಮೊದಲ ವರ್ಷದ ಕೊನೆಯ ಆಂತರಿಕ ಪರೀಕ್ಷೆಗಳ ಮೇಲೆ. ನಾಲ್ಕು ವಿಷಯಗಳ ನಡುವೆ ಹರಿದು ಹಂಚಿಹೋದ ಮಗು ಪೆಟ್ಟು ತಿನ್ನುವುದು ಆ ಪರೀಕ್ಷೆಗಳಲ್ಲೇ, ಮತ್ತು ನಾಲ್ಕರಲ್ಲೂ ಸ್ವಲ್ಪ ಸ್ವಲ್ಪ. ವೈದ್ಯೆಯಾಗಬೇಕೆಂದಿದ್ದ ಒಬ್ಬ ಹುಡುಗಿ ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತದ ಜೊತೆ ಭೌತಶಾಸ್ತ್ರವನ್ನೂ ಹಿಡಿದಿದ್ದಳು. ಆ ವರ್ಷದ ಕೊನೆಗೆ ಅವಳಿಗೆ ಬಂದದ್ದು ಗಣಿತದಲ್ಲಿ ಎ, ಉಳಿದ ಮೂರರಲ್ಲಿ ಬಿ. ಭೌತಶಾಸ್ತ್ರವನ್ನು ಬಿಟ್ಟಳು, ಆದರೆ ಅಕ್ಟೋಬರ್ ಹೊತ್ತಿಗೆ ಅಂದಾಜು ಗ್ರೇಡುಗಳನ್ನು ಮೇಲೆತ್ತಲು ಸಮಯವಿರಲಿಲ್ಲ. ಮೂರು ಎ ಗಳಿಸಿಕೊಂಡು ಮರುವರ್ಷ ಅರ್ಜಿ ಹಾಕಿ ಸೀಟು ಪಡೆದಳು. ಮೊದಲ ದಿನವೇ ನಾನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತೆಂಬ ನೋವು ನನಗೆ ಈಗಲೂ ಇದೆ.

ನಾಲ್ಕರಲ್ಲಿ ಆರಂಭಿಸಿ ಒಂದನ್ನು ಬಿಡಬಹುದೇ ಎಂದರೆ, ಶಾಲೆ ಒಪ್ಪಿದರೆ ಬಿಡಬಹುದು, ಮತ್ತು ಯಾವುದು ತನಗೆ ಹಿಡಿಸುತ್ತದೆಂದು ತಿಳಿಯದ ಮಗುವಿಗೆ ಮೊದಲ ಆರೇಳು ವಾರಗಳ ಮಟ್ಟಿಗೆ ಅದು ಒಳ್ಳೆಯದೇ. ಆದರೆ ಬಿಟ್ಟ ವಿಷಯಕ್ಕೆ ಏನಾದರೂ ಸಿಗುತ್ತದೆಂಬ ನಂಬಿಕೆ ಹಳೆಯದು. ಹಿಂದೆ ಮೊದಲ ವರ್ಷದ ಎಎಸ್ ಪರೀಕ್ಷೆಯ ಅಂಕಗಳು ಎ ಲೆವೆಲ್‌ಗೆ ಸೇರುತ್ತಿದ್ದವು, ನಾಲ್ಕು ಎಎಸ್ ಬರೆದು ಮೂರನ್ನು ಮುಂದುವರಿಸುವುದು ವಾಡಿಕೆಯಾಗಿತ್ತು. ಇಂಗ್ಲೆಂಡಿನಲ್ಲಿ 2015ರಿಂದ ಹಂತಹಂತವಾಗಿ ಅವೆರಡನ್ನೂ ಬೇರ್ಪಡಿಸಲಾಯಿತು. ಈಗ ಹೆಚ್ಚಿನ ಶಾಲೆಗಳು ಎಎಸ್ ಬರೆಸುವುದೇ ಇಲ್ಲ. ಹತ್ತು ಹನ್ನೆರಡು ವರ್ಷಗಳ ಹಿಂದೆ ಓದಿದ ದೊಡ್ಡಪ್ಪನ ಮಗನ ಸಲಹೆಯನ್ನು ಕೇಳುವಾಗ ಇದನ್ನು ನೆನಪಿನಲ್ಲಿಡಬೇಕು.

ಗಣಿತದಲ್ಲಿ ನಿಜವಾದ ಪ್ರೀತಿಯಿರುವ ಮಕ್ಕಳ ಮಾತು ಬೇರೆ. ಗಣಿತದ ಜೊತೆಗೆ ಪ್ರತ್ಯೇಕ ವಿಷಯವಾಗಿ ಓದುವ, ಇನ್ನೂ ಮುಂದಿನ ಗಣಿತವಾದ ಫರ್ದರ್ ಮ್ಯಾತ್ಸ್ ನಾಲ್ಕನೆಯದಾಗಿ ಬಂದಾಗ ಅದರ ಅಭ್ಯಾಸ ಗಣಿತವನ್ನೂ ಭೌತಶಾಸ್ತ್ರವನ್ನೂ ಬಲಪಡಿಸುತ್ತದೆ. ಕೇಂಬ್ರಿಜ್ ಮತ್ತು ಇಂಪೀರಿಯಲ್‌ನ ಗಣಿತ ಪದವಿಗಳಿಗಂತೂ ಅದು ಬೇಕೇ ಬೇಕು. ಆದರೆ ಕೆಲವು ವೈದ್ಯಕೀಯ ವಿಭಾಗಗಳು ಗಣಿತ ಮತ್ತು ಫರ್ದರ್ ಮ್ಯಾತ್ಸ್ ಎರಡರಲ್ಲಿ ಒಂದನ್ನು ಮಾತ್ರ ಮೂರರ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತವೆ. ಆದ್ದರಿಂದ ಆಯಾ ಕೋರ್ಸಿನ ಪುಟವನ್ನು ಓದದೆ ಯಾರ ಮಾತನ್ನೂ, ನನ್ನದನ್ನೂ ಸೇರಿಸಿ, ಕೊನೆಯ ಮಾತೆಂದು ತೆಗೆದುಕೊಳ್ಳಬೇಡಿ. ಓದುವ ಹಸಿವಿರುವ ಮಗುವಿಗೆ ಮೂರು ವಿಷಯಗಳ ಜೊತೆ ಇಪಿಕ್ಯು ಪ್ರಾಜೆಕ್ಟನ್ನು ನಾನು ಹೆಚ್ಚು ಸಂತೋಷದಿಂದ ಸೂಚಿಸುತ್ತೇನೆ. ತಾನೇ ಆರಿಸಿಕೊಂಡ ಪ್ರಶ್ನೆಯ ಮೇಲೆ ಸುಮಾರು 5,000 ಪದಗಳ ಪ್ರಬಂಧ ಬರೆಯುವ ಆ ಕೆಲಸಕ್ಕೆ ಎ ಲೆವೆಲ್‌ನ ಅರ್ಧದಷ್ಟು ಯುಕಾಸ್ ಅಂಕಗಳಿವೆ, ಆದರೆ ಬೇಡುವ ಸಮಯ ಅರ್ಧಕ್ಕಿಂತ ಕಡಿಮೆ.

ಭಾರತಕ್ಕೆ ಮರಳಿ ಎಂಬಿಬಿಎಸ್ ಓದಿಸುವ ಯೋಚನೆಯಿದ್ದವರು ಮಾತ್ರ ಮೊದಲೇ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ನೀಟ್ ಅರ್ಹತೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಬೇಕಾಗುವುದರಿಂದ ಅಂಥವರು ಮಾಡಬೇಕಾದದ್ದು ನಾಲ್ಕನೆಯದನ್ನು ಸೇರಿಸುವುದಲ್ಲ, ಗಣಿತವನ್ನು ಬಿಟ್ಟು ಭೌತಶಾಸ್ತ್ರವನ್ನು ಇಟ್ಟುಕೊಳ್ಳುವುದು. ಇಂಗ್ಲಿಷಿನ ಅರ್ಹತೆಯನ್ನು ಹೇಗೆ ತೋರಿಸಬೇಕೆಂಬುದನ್ನು ಸಂಬಂಧಪಟ್ಟವರಿಂದ ಬರವಣಿಗೆಯಲ್ಲಿ ಪಡೆದ ನಂತರವೇ ಸೆಪ್ಟೆಂಬರಿನಲ್ಲಿ ವಿಷಯಗಳ ಪಟ್ಟಿಗೆ ಸಹಿ ಹಾಕಿ.