ಓಟ ಪ್ರಾಯಶ್ಚಿತ್ತವಲ್ಲ

ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಮೇಲೆ ಒಂದೇ ಒಂದು ಜಾಗ. ಬೆರಳ ತುದಿಯಿಂದ ಒತ್ತಿದ ಕೂಡಲೇ ಚಿಕಿತ್ಸೆಗೆ ಬಂದಿದ್ದ ಆಕೆ ಕಾಲು ಎಳೆದುಕೊಂಡರು. ನೋವು ಕಾಲುದ್ದಕ್ಕೂ ಹರಡಿದ್ದರೆ ಅಷ್ಟು ಗಾಬರಿ ಆಗುವುದಿಲ್ಲ. ಹೀಗೆ ಒಂದೇ ಚುಕ್ಕೆಯಲ್ಲಿ ಚುಚ್ಚಿದರೆ ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು ಅಂತ ಅನುಮಾನ. ಸ್ಕ್ಯಾನ್‌ನಲ್ಲೂ ಅದೇ ಬಂತು.

"ವಾರಕ್ಕೆ ಎಷ್ಟು ದಿನ ಓಡ್ತೀರಿ?"

"ಏಳೂ ದಿನ. ಜಾಸ್ತಿ ತಿಂದ ದಿನ ಎರಡು ಸಲ." ಸ್ವಲ್ಪ ತಡೆದು ಹೇಳಿದರು: "ದೇಹ ದೇವರ ಆಲಯ ಅಲ್ವಾ ಮೇಡಂ? ಅದನ್ನ ಕೆಡಿಸಿದ್ದಕ್ಕೆ ಏನಾದ್ರೂ ಮಾಡಬೇಕಲ್ಲ."

ನಾನು ಫಿಸಿಯೋಥೆರಪಿಸ್ಟ್, ಕ್ರೈಸ್ತಳೂ ಹೌದು. ಆ ಮಾತು ಕೇಳಿ ಮನಸ್ಸಿಗೆ ತುಂಬ ನೋವಾಯಿತು.

ದೇಹ ದೇವರ ಆಲಯ ಅನ್ನುವ ಬೈಬಲ್ ವಚನ ಇರುವುದು ಯೇಸುವಿನ ಅಪೊಸ್ತಲ ಪೌಲನು ಗ್ರೀಸ್‌ನ ಕೊರಿಂಥ ಪಟ್ಟಣದವರಿಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯದಲ್ಲಿ. ಅಲ್ಲಿ ಸೊಂಟದ ಸುತ್ತಳತೆಯ ಮಾತೇ ಇಲ್ಲ. ವ್ಯಭಿಚಾರದಿಂದ ದೂರವಿರಿ ಅಂತ ಹೇಳುವಾಗ ಪೌಲ ಅದನ್ನು ಬರೆಯುತ್ತಾನೆ. ಅದರ ಬೆನ್ನಿಗೇ ಇನ್ನೊಂದು ಮಾತಿದೆ: ನಿಮ್ಮನ್ನು ಬೆಲೆ ಕೊಟ್ಟು ಕೊಂಡುಕೊಂಡಿದ್ದಾರೆ. ಆ ಬೆಲೆಯನ್ನು ಯೇಸು ತನ್ನ ಪ್ರಾಣದಿಂದಲೇ ಕೊಟ್ಟಾಗಿದೆ. ಟ್ರೆಡ್‌ಮಿಲ್ ಮೇಲೆ ನಾವು ತೀರಿಸಬೇಕಾದ ಬಾಕಿ ಯಾವುದೂ ಉಳಿದಿಲ್ಲ.

ಅದೇ ಪತ್ರದ 9ನೇ ಅಧ್ಯಾಯದಲ್ಲಿ ಪೌಲ ತನ್ನ ದೇಹವನ್ನು ಹತೋಟಿಗೆ ತರುವ ಬಗ್ಗೆ ಬರೆದಿದ್ದಾನಲ್ಲ ಎಂದು ಜಿಮ್‌ಗೆ ಹೋಗುವ ಹುಡುಗರು ನನ್ನನ್ನು ಕೇಳುತ್ತಾರೆ. ನಿಜ. ಕೊರಿಂಥದ ಹತ್ತಿರವೇ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು. ಓಟಗಾರರ ಶಿಸ್ತನ್ನು ಊರಿನವರು ಕಣ್ಣಾರೆ ಕಂಡಿದ್ದರು. ಪೌಲ ಆ ಶಿಸ್ತನ್ನು ಉದಾಹರಣೆಗೆ ತೆಗೆದುಕೊಂಡ. ತಿಂದದ್ದಕ್ಕೆ ಮೈಯನ್ನು ದಂಡಿಸಿ ಅಂತ ಅದಕ್ಕೆ ಅರ್ಥವಿಲ್ಲ.

ಮೂಳೆಯ ಕೆಲಸ ಹೇಗೆ ನಡೆಯುತ್ತದೆ ನೋಡಿ. ಓಡಿದಾಗ ಅದರಲ್ಲಿ ಕಣ್ಣಿಗೆ ಕಾಣದ ಸವೆತ ಆಗುತ್ತದೆ. ಒಂದು ಬಗೆಯ ಜೀವಕೋಶಗಳು ಸವೆದ ಭಾಗವನ್ನು ಕೆರೆದು ತೆಗೆಯುತ್ತವೆ, ಇನ್ನೊಂದು ಬಗೆಯವು ಹೊಸದನ್ನು ತುಂಬುತ್ತವೆ. ಕೆರೆಯುವುದು ಬೇಗ, ತುಂಬುವುದು ನಿಧಾನ. ಬಿಡುವು ಕೊಡದೆ ಮತ್ತೆ ಮತ್ತೆ ಓಡಿದರೆ ತುಂಬುವವರು ಹಿಂದೆ ಬೀಳುತ್ತಾರೆ. ಊಟವೂ ಕಡಿಮೆಯಾದರೆ ದೇಹ ಖರ್ಚು ಉಳಿಸಲು ಹೊರಡುತ್ತದೆ. ಹೆಂಗಸರಲ್ಲಿ ಮುಟ್ಟು ನಿಲ್ಲಬಹುದು, ಮೂಳೆಯನ್ನು ಕಾಯುವ ಈಸ್ಟ್ರೋಜನ್ ಹಾರ್ಮೋನು ಇಳಿದು ಮೂಳೆ ಇನ್ನೂ ಸೊರಗುತ್ತದೆ. ಆಕೆಗೆ ಮೂರು ತಿಂಗಳಿಂದ ಮುಟ್ಟಾಗಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ. ಅವತ್ತೇ ಡಾಕ್ಟರ ಹತ್ತಿರ ಕಳಿಸಿದೆ.

ವಾರಕ್ಕೊಂದು ದಿನ ಕೆಲಸ ಬಿಡಿ ಅನ್ನುವ ಬೈಬಲಿನ ಸಬ್ಬತ್ತಿನ ಆಜ್ಞೆಯಲ್ಲಿ ವಿಶ್ರಾಂತಿ ಮನೆಯವರಿಗೆ ಮಾತ್ರ ಅಲ್ಲ, ಆಳುಗಳಿಗೂ ದನಗಳಿಗೂ ಇದೆ. ಎತ್ತಿಗೆ ಸಿಗುವ ಬಿಡುವು ನಮ್ಮ ಕಾಲಿಗೆ ಬೇಡವೇ? 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ಭಾನುವಾರ ದೇವರ ದಿನ, ಓಡುವುದಿಲ್ಲ ಅಂತ 100 ಮೀಟರ್ ಓಟವನ್ನೇ ಬಿಟ್ಟರು. 400 ಮೀಟರ್‌ನಲ್ಲಿ ಚಿನ್ನ ಗೆದ್ದರು. ಆದರೆ ನನಗೆ ಅವರ ಚಿನ್ನಕ್ಕಿಂತ ಹತ್ತಿರದವನು ಬೈಬಲಿನ ಪ್ರವಾದಿ ಎಲೀಯ. ಸಾಕಪ್ಪಾ, ನನ್ನ ಪ್ರಾಣ ತೆಗೆದುಬಿಡು ಅಂತ ಅಡವಿಯಲ್ಲಿ ಒಂದು ಗಿಡದ ಕೆಳಗೆ ಮಲಗಿದ. ದೇವದೂತ ಅವನಿಗೆ ಬುದ್ಧಿ ಹೇಳಲಿಲ್ಲ. ತಟ್ಟಿ ಎಬ್ಬಿಸಿ ಬಿಸಿ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ಉಣ್ಣಿಸಿದ. ಆಮೇಲೆ 40 ದಿನ ನಡೆಯುವ ಶಕ್ತಿ ಬಂತು. ದಣಿದವರಿಗೆ ನಾನೂ ಮೊದಲು ಹೇಳುವುದು ಅದನ್ನೇ: ನಿದ್ದೆ, ಊಟ, ನೀರು.

ಹಾಗಂತ ಸುಮ್ನೆ ಕೂತುಬಿಡಿ ಅಂತ ಅಲ್ಲ. ವಾರಕ್ಕೆ 150ರಿಂದ 300 ನಿಮಿಷ ಚುರುಕಿನ ನಡಿಗೆಯಂಥ ಚಟುವಟಿಕೆ, ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪ್ರಾರ್ಥನೆಗೆ ಹೊತ್ತಿದೆ, ನಡಿಗೆಗೆ ಇಲ್ಲ ಅನ್ನುವವರಿಗೆ ನಾನು ಕೊಡುವ ಸಲಹೆ ಸುಲಭ. ನಡೆಯುತ್ತಲೇ ಪ್ರಾರ್ಥಿಸಿ.

ನಿಮ್ಮ ಅಭ್ಯಾಸ ಯಾವ ಕಡೆ ವಾಲಿದೆ ಅಂತ ತಿಳಿಯಲು ನಾನು ಕೇಳುವ ಪ್ರಶ್ನೆ ಒಂದೇ. ಒಂದು ದಿನ ವ್ಯಾಯಾಮ ತಪ್ಪಿದರೆ ನಿಮಗೆ ಬೇಸರವಾಗುತ್ತದೋ, ಭಯವಾಗುತ್ತದೋ? ಬೇಸರ ಸಹಜ. ಭಯವಾದರೆ ನೀವು ನಂಬುವ ಒಬ್ಬರ ಜೊತೆ ಮಾತಾಡಿ. ಊಟದ ಬಗ್ಗೆಯೂ ಅದೇ ಭಯ ಇದ್ದರೆ ಪಾಸ್ಟರ್ ಒಬ್ಬರೇ ಸಾಲದು, ಡಾಕ್ಟರೂ ಬೇಕು.

ಆಕೆ ಎಂಟು ವಾರ ಓಡಲಿಲ್ಲ. ಊಟ ಸರಿಹೋಯಿತು, ಮುಟ್ಟು ಮರಳಿತು. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಅಂತ ಶುರು ಮಾಡಿದೆವು. ವಾರದ ಚಾರ್ಟ್ ಬರೆದು ಭಾನುವಾರದ ಖಾನೆ ಖಾಲಿ ಬಿಟ್ಟಿದ್ದೆ. ಮುಂದಿನ ಸಲ ಬಂದಾಗ ನೋಡಿದರೆ, ಆಕೆ ಅಲ್ಲಿ ಪೆನ್ಸಿಲ್‌ನಲ್ಲಿ "ನಿದ್ದೆ" ಅಂತ ಬರೆದುಕೊಂಡಿದ್ದರು.